ದಾರದ ಆ ತುದಿ

ಅಣ್ಣನ ತೋರುಬೆರಳಿನ ಗೆಣ್ಣಿನ ಮೇಲೆ, ಗಾಳದ ದಾರ ಕೊರೆದೂ ಕೊರೆದೂ ಒಂದು ಬಿಳಿ ಕಚ್ಚು ಬಿದ್ದಿತ್ತು. ಪೆನ್ಸಿಲ್ಲಿನ ಸೀಸ ಕೂರುವಷ್ಟು ಆಳ. ಎಡಗೈಯೋ ಬಲಗೈಯೋ ಎಂದು ಕೇಳಿದರೆ ಈಗ ಹೇಳಲಾರೆ. ಆ ಮಂಜಿನ ಬೆಳಗಿನ ವಿಷಯದಲ್ಲೂ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಒಂದು ಗಂಟೆ ನಿಂತಿದ್ದೆ ಎಂದು ನಾನು ಹೇಳುತ್ತೇನೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಇಬ್ಬರ ಹತ್ತಿರವೂ ಆಗ ಗಡಿಯಾರ ನೋಡುವ ಮನಸ್ಸಿರಲಿಲ್ಲ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರ್‌ಕೀಪರ್, ನಾನು ಲ್ಯಾಬಿನಲ್ಲಿ. ಅವರು ಮಲ್ಪೆ ಕಡೆಯ ಮೀನುಗಾರರ ಮನೆಯವರು. ಎಲ್ಲರಿಗೂ ಅಣ್ಣ. ಭೌತಶಾಸ್ತ್ರ ಎಂ.ಎಸ್ಸಿ. ಓದಿದ ನಾನು ಯಾರು ಏನು ಹೇಳಿದರೂ "ಹೇಗೆ ಗೊತ್ತು?" ಎನ್ನುತ್ತಿದ್ದೆ. ಹಾಗಾಗಿ ಅವರು ನನಗಿಟ್ಟ ಹೆಸರು ವಕೀಲರು.

ನವೆಂಬರಿನಲ್ಲಿ ಏಸಿ ಇಲ್ಲದೆ ಮಲಗಬಹುದು ಎನ್ನಿಸಿದ ವಾರವೇ ಅಣ್ಣನ ವರ್ಷ ಶುರುವಾಗುತ್ತಿತ್ತು. ಮೀನು ಹಿಡಿಯುವ ಲೈಸೆನ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟು, ಶುಕ್ರವಾರ ಸಂಜೆ ನನ್ನನ್ನೂ ಕಡಲ ಕಟ್ಟೆಗೆ ಎಳೆದೊಯ್ಯುತ್ತಿದ್ದರು. ಕೋಲು, ಚಕ್ರ ಏನನ್ನೂ ಮುಟ್ಟುತ್ತಿರಲಿಲ್ಲ. ಬರೀ ದಾರ. ಅದನ್ನು ಬೆರಳ ಮೇಲೆ ಹಾಯಿಸಿ, ನೀರಿನ ತಳದಲ್ಲಿ ಬಂದಿರುವುದು ಯಾವ ಮೀನು ಎಂದು ಮೊದಲೇ ಹೇಳುತ್ತಿದ್ದರು.

"ಶೇರಿ ಮೀನು ಇದು. ಕಚ್ಚುದಿಲ್ಲ, ಚೀಪ್ತದೆ ನೋಡಿ."

ಒಂದು ಸಂಜೆ ಗುಟ್ಟಾಗಿ ಎಣಿಸಿದೆ. ಹನ್ನೊಂದರಲ್ಲಿ ಎರಡು ತಪ್ಪಿದವು. ಹೇಳಿದಾಗ ಅವರಿಗೆ ಖುಷಿಯೋ ಖುಷಿ.

"ಎರಡು ತಪ್ಪಿತಾ? ಹಾಗಾದ್ರೆ ಮೀನಿಗೂ ಸ್ವಲ್ಪ ಬುದ್ಧಿ ಉಂಟು ಮಾರಾಯ್ರೆ!"

ಕಟ್ಟೆಯ ಮೇಲೆ ನನ್ನನ್ನು ಯಾವಾಗಲೂ ಎಡಕ್ಕೇ ಕೂರಿಸುತ್ತಿದ್ದರು. ಮರೆತು ಬಲಕ್ಕೆ ಕೂತರೆ ಎಬ್ಬಿಸುತ್ತಿದ್ದರು. ಮೀನುಗಾರರ ಏನೋ ನಂಬಿಕೆ ಇರಬೇಕೆಂದು ಒಳಗೊಳಗೇ ನಕ್ಕಿದ್ದೆ.

ಒಂದು ವರ್ಷ ಡಿಸೆಂಬರ್ ಹತ್ತಿರವಿದ್ದಾಗ ಕಾರ್ಖಾನೆಯ ನಾಲ್ಕು ಸಂಸಾರಗಳು ಅಲ್ ಕುದ್ರಾ ಆಚೆಯ ಬಯಲಿನಲ್ಲಿ ಟೆಂಟ್ ಹಾಕಿದೆವು. ಬೆನ್ನಿಗೆ ಉದ್ದನೆಯ ತಂತಿ ಬೇಲಿ, ಮುಂದೆ ಕಣ್ಣು ಸೋಲುವವರೆಗೆ ಬಯಲು. ಸಂಜೆ ಬಲಗಡೆ ಸ್ವಲ್ಪ ದೂರದಲ್ಲಿ ಇಬ್ಬರು ಅರಬರು ಬೇಟೆಯ ಗಿಡುಗವೊಂದನ್ನು ಪಳಗಿಸುತ್ತಿದ್ದರು. ಹಗ್ಗಕ್ಕೆ ಕಟ್ಟಿದ ರೆಕ್ಕೆಯ ಗೊಂಚಲನ್ನು ಒಬ್ಬ ತಲೆಯ ಮೇಲೆ ಬೀಸುತ್ತಿದ್ದ. ಚುಕ್ಕಿಯಷ್ಟಿದ್ದ ಹಕ್ಕಿ ಆಕಾಶದಿಂದ ಕಲ್ಲಿನ ಹಾಗೆ ಬೀಳುತ್ತಿತ್ತು. ನನ್ನ ಏಳು ವರ್ಷದ ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಕತ್ತಲಾಗುವ ಮೊದಲೇ ಅವರು ಗಾಡಿ ಹತ್ತಿ ಹೋದದ್ದನ್ನು ಅವಳು ನೋಡಲಿಲ್ಲ.

ಬೆಳಿಗ್ಗೆ ಎದ್ದರೆ ದಟ್ಟ ಮಂಜು. ಚಾಚಿದ ಕೈಯ ಬೆರಳುಗಳು ಮಸುಕು. ಮಗಳ ಹಾಸಿಗೆ ಖಾಲಿ.

ನೆಲ ಗಟ್ಟಿ ಜಲ್ಲಿ. ಹೆಜ್ಜೆ ಗುರುತೂ ಇಲ್ಲ. ಬೇಲಿಯುದ್ದಕ್ಕೂ ಇಬ್ಬರು ಓಡಿ ನೋಡಿ ಬಂದರು. ಉಳಿದವರು ಅಲ್ಲಲ್ಲಿ ನಿಂತಿದ್ದ ನಾಲ್ಕು ಕಾರುಗಳ ಹಾರ್ನ್ ಒತ್ತತೊಡಗಿದರು. ಅಣ್ಣ ಹೆಗಲ ಟವೆಲ್ಲನ್ನು ಬೀಸುತ್ತಾ ಓಡಿ ಬಂದರು.

"ಖಲಾಸ್! ನಿಲ್ಸಿ ಹಾರ್ನ್! ನಾಲ್ಕು ಕಡೆಯಿಂದ ಕೂಗಿದ್ರೆ ಮಗು ಯಾವ ಕಡೆಗೆ ಬರುದು?"

ನಾನು ಮಂಜಿನೊಳಕ್ಕೆ ನುಗ್ಗುವವನಿದ್ದೆ. ಕಾಲರ್ ಹಿಡಿದು ಎಳೆದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ದಿನ.

"ನೀನು ಹೋದ್ರೆ ಇಬ್ಬರನ್ನು ಹುಡುಕ್ಬೇಕು. ರಂಪಣಿ ಬಲೆ ಹೇಳಿದ್ದೆ ಅಲ್ವಾ ನಿನಗೆ?"

ಹೇಳಿದ್ದರು. ಬಲೆಯ ಒಂದು ತುದಿ ದಡದ ಜನರ ಕೈಯಲ್ಲಿರುತ್ತದೆ. ದೋಣಿ ಇನ್ನೊಂದನ್ನು ಹೊತ್ತು ಕಡಲಿಗಿಳಿದು, ಅರ್ಧಚಂದ್ರದಂತೆ ಬಳಸಿ ದಡಕ್ಕೇ ಮರಳುತ್ತದೆ. ದಾವಣಗೆರೆಯವನಾದ ನಾನು ಅದನ್ನು ಕಂಡಿರಲಿಲ್ಲ. ಅಣ್ಣ ಗಾಳದ ದಾರದ ಸುರುಳಿ ತಂದು, ನನ್ನನ್ನು ಬೇಲಿಗೆ ಬೆನ್ನು ಮಾಡಿ ನಿಲ್ಲಿಸಿ, ತುದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದು, ತೋರುಬೆರಳ ಮೇಲೆ ಹಾಯಿಸಿದರು.

"ಎರಡು ಸಲ ಎಳೆದ್ರೆ ನಾನು ಇನ್ನೂ ದೂರ ಹೋಗ್ತಿದ್ದೇನೆ ಅಂತ. ಮೂರು ಸಲ ಎಳೆದ್ರೆ ಸಿಕ್ಕಿದ್ಲು ಅಂತ. ನೀನು ದಡ. ದಡ ನಡೀಬಾರ್ದು."

ಅಷ್ಟರಲ್ಲಿ ಹೆಂಡತಿ ಕಿರುಚಿದಳು: "ಅಲ್ಲಿ ಅಳ್ತಿದ್ದಾಳೆ! ಎಡಗಡೆ! ಅಣ್ಣಾ, ಕೇಳಿಸ್ತಿಲ್ವಾ?"

ನನಗೂ ಕೇಳಿಸಿತು. ಕೇಳಿಸಿತೆಂದು ಆಣೆ ಮಾಡಿ ಹೇಳುತ್ತಿದ್ದೆ.

"ಮಂಜಲ್ಲಿ ಕಿವಿಯನ್ನು ನಂಬ್ಬಾರ್ದು ತಂಗೀ" ಎಂದವರೇ ಬಲಗಡೆ, ಬೇಲಿಯ ಬದಿಯಿಂದಲೇ ಶುರು ಮಾಡಿದರು. ನಾಲ್ಕು ಹೆಜ್ಜೆಗೆ ಬೆನ್ನು ಮಾಯವಾಯಿತು. ಅವರನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು, ಅದೇ ಕೊನೆ.

ದಾರ ಬಿಗಿಯಾಗಿ, ಬಲದಿಂದ ಎಡಕ್ಕೆ ಮೆಲ್ಲಗೆ ಬಯಲನ್ನು ಗುಡಿಸುತ್ತಾ ತಿರುಗಿತು. ಎಡಗಡೆ ಬೇಲಿ ಮುಟ್ಟಿದಾಗ ಎರಡು ಸಲ ಎಳೆತ. ಅವರ ಕೈಯ ಸುರುಳಿ ಇನ್ನಷ್ಟು ಬಿಚ್ಚಿಕೊಂಡಿತು. ಇನ್ನೂ ದೂರದಿಂದ, ಎಡದಿಂದ ಬಲಕ್ಕೆ. ಪೊದೆಗೆ ಸಿಕ್ಕಿಕೊಂಡಾಗ ದಾರ ಸತ್ತಂತೆ ನಿಲ್ಲುತ್ತಿತ್ತು. ಅವರು ನಡೆಯುವಾಗ ಸಣ್ಣಗೆ ನಡುಗುತ್ತಿತ್ತು. ಈ ವ್ಯತ್ಯಾಸ ಬೆರಳಿಗೆ ತಾನಾಗಿ ತಿಳಿಯಿತು. ಎಡದ ಅಳು ನನ್ನನ್ನು ಎಳೆಯುತ್ತಲೇ ಇತ್ತು. ಕಾಲು ಎತ್ತಿದೆ, ಇಟ್ಟೆ. ಮತ್ತೆ ಎರಡು ಎಳೆತ. ಮೂರನೆಯ ಸುತ್ತು ಬಲದಿಂದ ಶುರುವಾದ ಸ್ವಲ್ಪ ಹೊತ್ತಿಗೇ ದಾರ ಜೋತು ಬಿತ್ತು. ಏನೂ ಇಲ್ಲ. ಆಮೇಲೆ ಒಂದು. ಎರಡು.

ಮೂರು.

ದಾರ ಸುತ್ತಿಕೊಳ್ಳುತ್ತಾ ಅವರು ಮಂಜಿನಿಂದ ಹೊರಬಂದರು, ಹೆಗಲ ಮೇಲೆ ಒದ್ದೆ ಕೂದಲಿನ ಮಗು. "ವಕೀಲ್ರೇ, ಸಾಕ್ಷಿ ತಂದಿದ್ದೇನೆ, ತಕೊಳ್ಳಿ."

"ಪಪ್ಪಾ, ದ ಫಾಲ್ಕನ್ ಈಸ್ ನಾಟ್ ದೇರ್" ಎಂದಳು ಮಗಳು. ಗಿಡುಗ ಕೂತಿದ್ದ ಜಾಗ ಹುಡುಕುತ್ತಾ ಹೋಗಿ, ಎಲ್ಲ ಕಡೆಯಿಂದ ಹಾರ್ನ್ ಕೇಳಿ ಹೆದರಿ ಕೂತುಬಿಟ್ಟಿದ್ದಳಂತೆ. ಈಗ ಅವಳಿಗೆ ಹದಿನಾರು. ತಾನು ಅವತ್ತು ಅಳಲೇ ಇಲ್ಲ ಎನ್ನುತ್ತಾಳೆ.

ಎಷ್ಟೋ ವರ್ಷ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದೆ. ನನ್ನ ಕಥೆಯಲ್ಲಿ ಅಣ್ಣನಿಗೆ ಮಗುವಿನ ಉಸಿರು ಕೇಳಿಸುತ್ತಿತ್ತು. ನಮಗಾರಿಗೂ ಕೇಳಿಸದ್ದು, ಕಡಲಿನವರ ಕಿವಿಗೆ ಮಾತ್ರ. ಎದುರಿಗಿದ್ದರೆ ಅವರು "ಹಾಗೇ ಇರ್ಲಿ, ಹಾಗೇ ಇರ್ಲಿ" ಎಂದು ಚಹಾ ಕುಡಿಯುತ್ತಿದ್ದರು.

ನಿವೃತ್ತರಾಗಿ ಊರಿಗೆ ಹೋದ ಮೂರನೆಯ ವರ್ಷ ತೀರಿಕೊಂಡರು. ಅತ್ತಿಗೆಗೆ ಫೋನ್ ಮಾಡಿದಾಗ ಅದೇ ಕಥೆಯನ್ನು, ಆ ಕಿವಿಯನ್ನು ಹೊಗಳಿ ಹೇಳಿದೆ. ಅತ್ತಿಗೆ ನಡುವೆಯೇ ತಡೆದರು.

"ಕಿವಿಯಾ? ಅವರಿಗೆ ಬಲದ ಕಿವಿ ಕೇಳ್ತಾನೇ ಇರ್ಲಿಲ್ಲ ಅಲ್ವಾ. ಸಣ್ಣದಿರುವಾಗ್ಲೇ ಹೋದದ್ದು. ನಿಮಗೆ ಗೊತ್ತಿರ್ಲಿಲ್ವಾ?"

ಒಂದೇ ಕಿವಿ ಇದ್ದರೂ ಶಬ್ದ ಕೇಳುತ್ತದೆ. ಆದರೆ ಅದು ಎಲ್ಲಿಂದ ಬಂತೆಂದು ತಿಳಿಯುವುದು ಬಹಳ ಕಷ್ಟ. ಇದನ್ನು ನಾನು ಪರೀಕ್ಷೆಗೆ ಓದಿದ್ದೇನೆ. ಆದರೂ ನಾಲಿಗೆ ಸುಮ್ಮನಿರಲಿಲ್ಲ. ಆಸ್ಪತ್ರೆಯ ಕಾಗದ ಏನಾದರೂ ಇದೆಯೇ ಎಂದು ಕೇಳಿದೆ. ಆ ದುಃಖದಲ್ಲೂ ಅತ್ತಿಗೆ ನಕ್ಕರು.

"ವಕೀಲ್ರು ಅಂತ ಅವರು ಸುಮ್ನೆ ಹೇಳ್ತಾ ಇದ್ದದ್ದಲ್ಲ."

ಮರುದಿನ ಫೋನಿಗೆ ಒಂದು ಹಳೆಯ ಶ್ರವಣ ಪರೀಕ್ಷೆಯ ಚಿತ್ರ ಬಂತು. ಹೆಸರು ನೋಡಿದೆ, ತಾರೀಖು ನೋಡಿದೆ. ನಾವು ಟೆಂಟ್ ಹಾಕಿದ ವರ್ಷಕ್ಕಿಂತ ಹಿಂದಿನದು. ಎಡಗಿವಿಯ ಗೆರೆ ಮೇಲುಗಡೆ ಸಣ್ಣಗೆ ಏರಿಳಿದಿದೆ. ಬಲಗಿವಿಯದು ಕಾಗದದ ತಳದಲ್ಲೇ, ಒಂದು ತುದಿಯಿಂದ ಇನ್ನೊಂದು ತುದಿಗೆ, ನೇರವಾಗಿ ಹೋಗಿದೆ.