ನೆಲಗುಬ್ಬಿಯ ಗೂಡಿಗೆ ನೆಟ್ಟ ಕೋಲು

ಎಪ್ಪತ್ತರ ದಶಕದ ಕೊನೆ. ಕುಮಾರಸ್ವಾಮಿ ಲೇಔಟಿನ ಆ ಭಾಗದ ರಸ್ತೆಗಳು ಇನ್ನೂ ನಕ್ಷೆಯಲ್ಲಷ್ಟೇ ಇದ್ದವು. ನಾನು ಒಬ್ಬ ಕಂಟ್ರಾಕ್ಟರ್ ಹತ್ತಿರ ಸರ್ವೆ ಅಸಿಸ್ಟೆಂಟ್. ತ್ಯಾಗರಾಜನಗರದ ಮನೆಯಿಂದ ಸೈಕಲ್ ತುಳಿದು ಬಂದರೆ ಎದುರಿಗೆ ಬರೀ ಹುಲ್ಲುಬಯಲು. ಹಕ್ಕಿಗಳ ಬಗ್ಗೆ ನನಗೆ ಯಾರೂ ಕಲಿಸಿದ್ದಲ್ಲ. ಬೈನಾಕ್ಯುಲರ್ ಕೂಡ ಇರಲಿಲ್ಲ. ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದ ದುರ್ಬೀನಿನಲ್ಲೇ ನೋಡುತ್ತಿದ್ದೆ. ಅದರಲ್ಲಿ ಎಲ್ಲವೂ ತಲೆಕೆಳಗು. ಹಾಡುತ್ತ ಮೇಲೇರುವ ನೆಲಗುಬ್ಬಿ ನನಗೆ ಹಾಡುತ್ತ ಕೆಳಗೆ ಬೀಳುತ್ತಿತ್ತು!

"ಏನಪ್ಪಾ, ರೀಡಿಂಗ್ ಆಕಾಶದಲ್ಲಿದ್ಯಾ?" ಎಂದು ಓವರ್ಸಿಯರ್ ಗುರುಮೂರ್ತಿ ಸಾರ್ ಕಾಲೆಳೆಯುತ್ತಿದ್ದರು.

ಒಂದು ಬೆಳಿಗ್ಗೆ, ರಸ್ತೆ ಬರಬೇಕಾದ ಜಾಗದಲ್ಲೇ, ಹುಲ್ಲಿನ ಬುಡದಲ್ಲಿ ನೆಲಗುಬ್ಬಿಯ ಗೂಡು ಕಂಡಿತು. ಮೂರು ಮೊಟ್ಟೆ. ಆಳುಗಳು ಅಲ್ಲಿ ಹುಲ್ಲು ಕೆತ್ತುವವರಿದ್ದರು.

"ಸಾರ್, ಮರಿ ಆಗೋವರ್ಗೂ ಈ ತುಂಡು ಬಿಟ್ಬಿಡೋಣ."

"ಕಂಟ್ರಾಕ್ಟರ್‌ಗೆ ಏನಂತ ಹೇಳ್ಲಿ? ಗುಬ್ಬಿ ಬಾಣಂತನ ಅಂತಾನಾ?"

ನಕ್ಕರು. ಆದರೆ ಕೆಲಸವನ್ನು ಇನ್ನೊಂದು ತುದಿಯಿಂದ ಶುರು ಮಾಡಿಸಿದರು. ಯಾರೂ ತುಳಿಯದಿರಲಿ ಎಂದು, ನಾವು ಗೆರೆಯ ನೇರ ಹಿಡಿಯಲು ನೆಡುವ ಕೆಂಪು-ಬಿಳಿ ಕೋಲನ್ನು ತಾವೇ ಗೂಡಿನ ಪಕ್ಕ ನೆಟ್ಟು, ತುದಿಗೆ ಬಾವುಟ ಕಟ್ಟಿದರು.

ಮಧ್ಯಾಹ್ನ ದುರ್ಬೀನು ಅತ್ತ ತಿರುಗಿಸಿದೆ. ಕೋಲಿನ ತುದಿಯಲ್ಲಿ ತಲೆಕೆಳಗಾಗಿ ಒಂದು ಕಾಗೆ! ಮರವಿಲ್ಲದ ಬಯಲಿನಲ್ಲಿ ಅದಕ್ಕೆ ಅಲ್ಲಿಯವರೆಗೆ ಕೂರಲು ಜಾಗವೇ ಇರಲಿಲ್ಲ. ಓಡಿದೆ. ಅಷ್ಟರಲ್ಲಿ ಒಂದು ಮೊಟ್ಟೆ ಹೋಗಿತ್ತು.

"ಸಾರ್, ಕೋಲು ಕಿತ್ತಾಕಿ!"

"ಕಿತ್ರೆ ಆಳುಗಳಿಗೆ ಗೂಡು ಎಲ್ಲಿ ಅಂತ ಹೇಗೆ ಗೊತ್ತಾಗುತ್ತೆ?" ಎಂದವರು ಕೋಲನ್ನೇ ನೋಡುತ್ತ ನಿಂತರು. ಆಮೇಲೆ ಅದನ್ನು ಕಿತ್ತು, ಸುಣ್ಣದ ಪುಡಿ ತರಿಸಿ, ಗೂಡಿನಿಂದ ಸಾಕಷ್ಟು ದೂರದಲ್ಲಿ ಸುತ್ತಲೂ ನೆಲದ ಮೇಲೆ ಗೆರೆ ಹಾಕಿಸಿದರು. "ಇದ್ರ ಮೇಲೆ ಹೇಗೆ ಕೂರುತ್ತೆ ನೋಡೋಣ."

ಉಳಿದ ಎರಡೂ ಮೊಟ್ಟೆ ಮರಿಯಾದವು. ಗೂಡು ಬಿಟ್ಟು ಹುಲ್ಲಿನೊಳಗೆ ಪುಟಪುಟನೆ ಓಡಿಹೋದವು. ಆಮೇಲೆ ನಮ್ಮ ರಸ್ತೆ ಅಲ್ಲಿಂದ ಹಾದುಹೋಯಿತು.

ಮುಂದಿನ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ ಎದ್ದಿತು. ಹೆಚ್ಚಿನ ಸೈಟುಗಳು ಖಾಲಿ. ಅದೇ ಹುಲ್ಲು, ಮೊಣಕಾಲೆತ್ತರ. ಹಕ್ಕಿ ಬಂದೇ ಬರುತ್ತದೆಂದು ನಾನು ಕಾದೆ. ಬರಲಿಲ್ಲ.

"ಹುಲ್ಲು ಇದ್ಯಲ್ಲೋ, ಇನ್ನೇನ್ ಬೇಕಂತೆ ಅದಕ್ಕೆ?" ಗುರುಮೂರ್ತಿ ಸಾರ್ ಕೇಳಿದರು.

ಲೆವೆಲ್ ತಿರುಗಿಸಿ ತೋರಿಸಿದೆ. ರಸ್ತೆಯುದ್ದಕ್ಕೂ ಕರೆಂಟ್ ಕಂಬಗಳು, ಕಂಬಗಳ ಮೇಲೆ ಕಾಗೆಗಳು. ಯಾವ ಸೈಟಿನ ನಡುವೆ ಗೂಡು ಕಟ್ಟಿದರೂ ನಾಲ್ಕೂ ಕಡೆಯಿಂದ ಕಾಣುವಷ್ಟು ಹತ್ತಿರ.

ಅವರು ದುರ್ಬೀನಿನಿಂದ ಕಣ್ಣು ತೆಗೆಯಲು ತುಂಬಾ ಹೊತ್ತು ಹಿಡಿಯಿತು. "ನಾನು ನೆಟ್ಟ ಕೋಲೇ ಕಣೋ," ಎಂದರು ಮೆಲ್ಲಗೆ. "ಸಾಲಾಗಿ ನಿಂತಿದೆ."

ಬಯಲನ್ನು ಎಷ್ಟು ತುಂಡು ಮಾಡಿದರೂ ಕಾಗದದ ಮೇಲೆ ವಿಸ್ತೀರ್ಣದ ಲೆಕ್ಕ ಸರಿಹೋಗುತ್ತದೆ, ನೆಲಗುಬ್ಬಿಗೆ ಸರಿಹೋಗುವುದಿಲ್ಲ. ಅದಕ್ಕೆ ಹುಲ್ಲಿನ ಜೊತೆಗೆ, ಕಾಗೆ ಕೂರುವ ಅಂಚಿನಿಂದ ದೂರವೂ ಬೇಕು. ಈಗ ಜೆ.ಪಿ. ನಗರದಾಚೆಯ ಬಯಲಿನಲ್ಲಿ ನಾನೇ ಓವರ್ಸಿಯರ್ ಆಗಿ ರಸ್ತೆಗೆ ಗೆರೆ ಹಾಕಿಸುತ್ತೇನೆ. ಕೋಲು ನೆಡುವ ಮುಂಚೆ ಕಾಲ ಬಳಿಯ ಹುಲ್ಲನ್ನು ಒಮ್ಮೆ ನೋಡುತ್ತೇನೆ, ಆಕಾಶವನ್ನು ಒಮ್ಮೆ. ರೀಡಿಂಗ್ ಮುಗಿದ ಕೂಡಲೇ ಕೋಲನ್ನು ಕಿತ್ತು ನೆಲದ ಮೇಲೆ ಮಲಗಿಸಿಬಿಡುತ್ತೇನೆ.