ಕರಡಿಗಾಗಿ ಇಳಿಸಿದ ವೇಗ

ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕೂತವರು ಉಸಿರನ್ನೂ ಮೆಲ್ಲಗೆ ಬಿಡುತ್ತಾರೆ. ಎದುರಿನ ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಕರಡಿ ಬರಬೇಕಲ್ಲ! ನಾನು ಮಾತ್ರ ಅಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ್ದೆ. ಹೊಸಪೇಟೆಯ ಹೋಟೆಲೊಂದಕ್ಕೆ ನಾನು ಹಿಂದಿನ ದಿನ ತೆಗೆದ ಕರಡಿ ವಿಡಿಯೊ ಸಂಜೆಯೊಳಗೆ ಹೋಗಬೇಕಿತ್ತು. ವಿಡಿಯೊ ತಯಾರಾಗತೊಡಗಿದ್ದೇ ತಡ, ಲ್ಯಾಪ್‌ಟಾಪಿನ ಫ್ಯಾನು ಭೋರ್ಗರೆಯಿತು.

“ಏನ್ರಿ, ಹಿಟ್ಟಿನ ಗಿರಣಿ ತಂದೀರೇನು?” ಗಾರ್ಡ್ ಹಲ್ಲು ಕಡಿದರು. “ಬಂದ್ ಮಾಡ್ರಿ, ಇಲ್ಲಾಂದ್ರ ಕೆಳಗ ಇಳೀರಿ.”

ಬಂದ್ ಮಾಡಿದರೆ ಅರ್ಧವಾದ ಕೆಲಸ ಮೊದಲಿನಿಂದ ಶುರು. ಅಷ್ಟು ಬ್ಯಾಟರಿ ಉಳಿದಿರಲಿಲ್ಲ.

ಪಕ್ಕದಲ್ಲಿ ಕಂಪ್ಲಿಯ ಒಬ್ಬ ಮೇಡಂ ಕೂತಿದ್ದರು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. “ಬಂದ್ ಮಾಡಬ್ಯಾಡ್ರಿ, ಇಲ್ಲಿ ಕೊಡ್ರಿ,” ಎಂದು ಕೈಚಾಚಿದರು. ಪವರ್ ಸೆಟ್ಟಿಂಗಿಗೆ ಹೋಗಿ, ಒಲೆಯ ಉರಿ ಸಣ್ಣ ಮಾಡಿದಷ್ಟೇ ಸಲೀಸಾಗಿ ಪ್ರೊಸೆಸರಿನ ವೇಗ ಇಳಿಸಿದರು.

“ಜೋರಾಗಿ ಓಡಿದ್ರ ಕಾವೂ ಭಾಳ, ಕರೆಂಟೂ ಭಾಳ. ಈಗ ನಿಧಾನ ಆಗ್ತೈತಿ, ಆದ್ರ ಮುಗೀತೈತಿ,” ಎಂದು ಪಿಸುಗುಟ್ಟಿದರು.

ಫ್ಯಾನು ಗೊಣಗಿ ಗೊಣಗಿ ಸುಮ್ಮನಾಯಿತು. ಕೆಲಸ ಮಾತ್ರ ಒಳಗೆ ನಡೆದೇ ಇತ್ತು. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಮರಿ ಹೊತ್ತ ಕರಡಿಯೊಂದು ಬಂಡೆಗಿಳಿಯಿತು. ಗಾರ್ಡ್ ಮೇಡಂಗೆ ಕೈಮುಗಿದರು, ನಾನೂ ಕೈಮುಗಿದೆ. ತಾಯಿ ಕರಡಿ ಬೆಲ್ಲ ನೆಕ್ಕಿ ಮುಗಿಸುವಷ್ಟರಲ್ಲಿ ವಿಡಿಯೊ ಸಿದ್ಧವಾಗಿತ್ತು, ಬ್ಯಾಟರಿಯೂ ಚೂರು ಉಳಿದಿತ್ತು.

ಕೆಳಗಿಳಿದು, ಸಿಗ್ನಲ್ ಸಿಕ್ಕ ಕೂಡಲೇ ಕಳಿಸಿದೆ. ಹೋಟೆಲ್ ಮಾಲೀಕರ ಉತ್ತರವೂ ತಡವಾಗಲಿಲ್ಲ: “ಮಸ್ತ್ ಐತಿ. ಆದ್ರ ಕರಡಿ ಭಾಳ ನಿಧಾನ ನಡೀತೈತಿ, ಸ್ವಲ್ಪ ಫಾಸ್ಟ್ ಮಾಡಿ ಕಳಸ್ರಿ.”