ಬಿಚ್ಚಿಹೋಗುತ್ತಿದ್ದ ಹಳದಿ ಸ್ವೆಟರ್

ಮೊನ್ನೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಒಂದು ಚಿಟಿಕೆ ಕಡ್ಡಿಪುಡಿ ಉದುರಿಸಿಕೊಂಡರು. ಆ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ತೊಡೆಯ ಮೇಲಿದ್ದ ಚೀಲವನ್ನು ನನಗೇ ತಿಳಿಯದಂತೆ ನನ್ನ ಕಡೆಗೆ ಎಳೆದುಕೊಂಡೆ. ಅವರು ಪಾಪ, ಕಿಟಕಿಯಾಚೆ ನೋಡುತ್ತಿದ್ದರು. ಐವತ್ತು ವರ್ಷ ಹಳೆಯ ಅನುಮಾನವೊಂದು ಇನ್ನೂ ನನ್ನ ಕೈಯಲ್ಲಿ ಉಳಿದಿದೆಯಲ್ಲ ಎಂದು ನಾಚಿಕೆಯಾಯಿತು...

ಎಪ್ಪತ್ತರ ದಶಕದ ನಡುವಿನ ಮಾತು. ನನ್ನವರಿಗೆ ಹೊಳಲ್ಕೆರೆಗೆ ವರ್ಗವಾಗಿತ್ತು. ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೆ ಹೊಂದಿಕೊಂಡಂತೆ ಇನ್ನೊಂದು ಸಣ್ಣ ಮನೆ. ಅಲ್ಲಿದ್ದವರು ತಾಳ್ಯದ ಕಡೆಯ, ಕುರಿ ಸಾಕುವ ಮನೆತನದ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಗಂಡ ರಸ್ತೆ ಕೆಲಸದ ಮೇಸ್ತ್ರಿ, ವಾರದಲ್ಲಿ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಕ್ಕ ಹಿಂಬಾಗಿಲಿನಿಂದ ಬಂದು, ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದರು. ಒಂದು ಬದಿ ತೇಯ್ದ ಹುಣಸೆಬೀಜಗಳು ಸೆರಗಿನ ಗಂಟಿನಲ್ಲೇ ಇರುತ್ತಿದ್ದವು, ಬಾಯಲ್ಲಿ ಸದಾ ಎಲೆಯಡಿಕೆ, ಕಡ್ಡಿಪುಡಿ. ಆಟದಲ್ಲಿ ನಾನೇ ಹೆಚ್ಚು ಗೆಲ್ಲುತ್ತಿದ್ದೆ. ಹೊಡೆಯಬಹುದಾಗಿದ್ದ ನನ್ನ ಕಾಯಿಯನ್ನು ಅವರು ಕಂಡೂ ಕಾಣದಂತೆ ದಾಟಿಹೋಗುತ್ತಿದ್ದರು. ಯಾಕೆಂದು ಕೇಳಿದರೆ, ಬಸುರಿಯನ್ನು ಸೋಲಿಸಿ ನಾನು ಯಾವ ರಾಜ್ಯ ಗೆಲ್ಲಬೇಕು ಎಂದು ನಗುತ್ತಿದ್ದರು.

ಆಗ ನನಗೆ ಏಳು ತಿಂಗಳು. ನನ್ನವರು ಚಿತ್ರದುರ್ಗದಿಂದ ಕೊಂಡು ತಂದ ತಿಳಿಹಳದಿ ಉಲ್ಲನ್‌ನಲ್ಲಿ, ಹುಟ್ಟಲಿರುವ ಮಗುವಿಗೆ ಸ್ವೆಟರ್ ಹೆಣೆಯುತ್ತಿದ್ದೆ. ಹೆಣಿಗೆ ಕಲಿಸಿದ್ದು ಕಾನ್ವೆಂಟಿನ ಸಿಸ್ಟರ್. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಅವರು ಸುಮ್ಮನಿರುತ್ತಿರಲಿಲ್ಲ; ಆ ಶಿಸ್ತು ನನ್ನಿಂದ ಇನ್ನೂ ಹೋಗಿರಲಿಲ್ಲ. ಎಷ್ಟು ಸಾಲು ಆಯಿತೆಂದು ದಿನವೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ. ಒಂದು ಸಂಜೆ ಎಣಿಸಿದರೆ ಅರವತ್ತೆರಡು ಇರಬೇಕಾದಲ್ಲಿ ಐವತ್ತಾರು ಇತ್ತು.

ಬಸುರಿನ ಮರೆವು ಎಂದುಕೊಂಡೆ. ಎರಡು ದಿನ ಬಿಟ್ಟು ಮತ್ತೆ ಎಂಟು ಸಾಲು ಕಡಿಮೆ. ಇಲಿ ಇರಬೇಕು ಎಂದರು ನನ್ನವರು. ಬಿಚ್ಚಿದ ನೂಲನ್ನು ಉಂಡೆಗೆ ಸುತ್ತಿಡುವ ಇಲಿಯನ್ನು ನಾನಂತೂ ಕಂಡಿರಲಿಲ್ಲ. ಹಾಲು ಕೊಡುವವಳ ಮೇಲೆ ಒಂದು ದಿನ ಕಣ್ಣಿಟ್ಟೆ. ಅವಳು ಹೊಸ್ತಿಲು ದಾಟಿ ಒಳಗೆ ಬರುವವಳೇ ಅಲ್ಲ. ಆಮೇಲೆ ನಡುಮನೆಯಲ್ಲಿಡುತ್ತಿದ್ದ ಹೆಣಿಗೆಯ ಬುಟ್ಟಿಯನ್ನು ಬೆಳಕಿಗೆ ತಂದು ಸರಿಯಾಗಿ ನೋಡಿದೆ. ಕಡ್ಡಿಯ ಮೇಲಿನ ಕುಣಿಕೆಗಳೆಲ್ಲ ತಿರುಚಿಕೊಂಡು ಕೂತಿದ್ದವು. ಹೆಣಿಗೆ ಬಾರದವರು ಬಿಚ್ಚಿ ಮತ್ತೆ ಕಡ್ಡಿಗೆ ಏರಿಸಿದರೆ ಹಾಗಾಗುತ್ತದೆ. ಆದರೆ ಉಂಡೆ ಮಾತ್ರ ದುಂಡಗೆ, ಬಿಗಿಯಾಗಿ, ನಾನು ಸುತ್ತುವುದಕ್ಕಿಂತ ಅಂದವಾಗಿತ್ತು. ಉಣ್ಣೆಯನ್ನು ನೂತು ಸುತ್ತಿ ಪಳಗಿದ ಕೈ ಅದು. ಮೂಗಿನ ಹತ್ತಿರ ಹಿಡಿದೆ. ಕಡ್ಡಿಪುಡಿಯ ವಾಸನೆ.

ಅಲ್ಲಿಂದ ಮುಂದೆ ಅಕ್ಕನ ಒಂದೊಂದು ನಡೆಯೂ ಬೇರೆಯಾಗಿ ಕಾಣತೊಡಗಿತು. ರೊಟ್ಟಿಯ ಜೊತೆ ಹುಚ್ಚೆಳ್ಳು ಚಟ್ನಿ ತಂದರೆ, ಇದು ಯಾಕೆ ಇವತ್ತು ಎನ್ನಿಸುತ್ತಿತ್ತು. ಬಾಗಿಲಿನಿಂದ ಬರುತ್ತಲೇ ಸ್ವೆಟರ್ ಎಷ್ಟಾಯಿತೆಂದು ಕೇಳುತ್ತಿದ್ದರು. ನನ್ನೆದುರು ಮಾತ್ರ ಒಮ್ಮೆಯೂ ಅದನ್ನು ಮುಟ್ಟುತ್ತಿರಲಿಲ್ಲ. ಆಟದಲ್ಲಿ ನನ್ನನ್ನು ಗೆಲ್ಲಿಸುತ್ತಿದ್ದುದೂ ನನ್ನ ಗಮನವನ್ನು ಬುಟ್ಟಿಯಿಂದ ತಪ್ಪಿಸುವುದಕ್ಕೇ ಇರಬೇಕು ಅಂದುಕೊಂಡೆ...

ಆ ದಿನದ ಬೆಳಿಗ್ಗೆ ಎಲ್ಲ ದಿನಗಳಂತೆಯೇ ಇತ್ತು. ಹಾಲು ಕಾಯಿಸಿದೆ, ಹಂಡೆಗೆ ಉರಿ ಹಾಕಿದೆ, ನನ್ನವರ ಡಬ್ಬಿಗೆ ಉಪ್ಪಿಟ್ಟು ತುಂಬಿದೆ. ಅವರು ಕಚೇರಿಗೆ ಹೋದ ಮೇಲೆ ಮಾತ್ರ, ಸ್ವೆಟರಿನ ಕೊನೆಯ ಸಾಲಿಗೆ ಒಂದು ಕೆಂಪು ದಾರ ಪೋಣಿಸಿಟ್ಟೆ. ಮಧ್ಯಾಹ್ನ ಎರಡು ಆಟ ಮುಗಿದ ಮೇಲೆ ಕಾಫಿ ತರುತ್ತೇನೆಂದು ಒಳಗೆ ಹೋಗಿ, ಬೇಕೆಂದೇ ತಡ ಮಾಡಿದೆ. ಲೋಟ ಹಿಡಿದು ಬಂದಾಗ ಅಕ್ಕ ತಮ್ಮ ಜಾಗದಲ್ಲೇ ಕೂತಿದ್ದರು. ಬುಟ್ಟಿ ಎತ್ತಿ ನೋಡಿದೆ. ಆರೇಳು ಸಾಲು ಹೋಗಿತ್ತು. ಕೆಂಪು ದಾರವನ್ನು ಬಿಸಾಡಿರಲಿಲ್ಲ. ಮಡಚಿ ಉಂಡೆಯ ಪಕ್ಕದಲ್ಲಿಟ್ಟಿದ್ದರು.

"ಅಕ್ಕ, ಇದು ನಿಮ್ಮ ಕೈ ಅಲ್ವಾ?" ಎಂದೆ.

ಅವರು ಹುಣಸೆಬೀಜಗಳನ್ನು ನೆಲಕ್ಕಿಟ್ಟರು. "ಹೂಂ. ನಂದೇ."

"ಯಾಕೆ?"

"ಅದು ಈಗ್ಲೇ ಮುಗೀಬಾರ್ದು, ಅದ್ಕೆ."

ಯಾಕೆ ಮುಗಿಯಬಾರದು ಎಂದು ಮತ್ತೆ ಕೇಳಿದೆ. ಅಕ್ಕ ನನ್ನ ಮುಖ ಬಿಟ್ಟು ಹೊಟ್ಟೆಯ ಕಡೆ ನೋಡಿದರು. "ಅದೊಂದು ಕೇಳಬ್ಯಾಡ ತಂಗಿ. ಬಾಯಿಬಿಟ್ಟು ಆಡೋ ಮಾತಲ್ಲ. ಒಳಗಿರೋದು ಕೇಳಿಸ್ಕಂತೈತೆ."

ನನಗೆ ಮೈ ಉರಿದುಹೋಯಿತು. ಜೋರಾಗಿ ಮಾತಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದೆ. "ನಿಮ್ಮ ಮಡಿಲು ತುಂಬಲಿಲ್ಲ ಅಂತ ನನ್ನ ಮಗು ಮೇಲೆ ಹೊಟ್ಟೆಕಿಚ್ಚು ಪಡಬೇಡಿ ಅಕ್ಕ. ನಾಳೆಯಿಂದ ಬರಬೇಡಿ."

ಅವರು ಬೀಜಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಗಂಟು ಹಾಕಿಕೊಂಡರು. ಕಾಫಿ ಮುಟ್ಟಲಿಲ್ಲ. ಹಿಂಬಾಗಿಲ ಬಳಿ ನಿಂತು, ಭಾರ ಎತ್ತಬೇಡ, ಎಡ ಮಗ್ಗುಲಿಗೆ ಮಲಗು ಎಂದಷ್ಟೇ ಹೇಳಿ ಹೋದರು. ನಾನು ಅಗಳಿ ಹಾಕಿದೆ. ಆ ಮಾತಿನಲ್ಲೂ ಏನೋ ಇರಬೇಕೆಂದು, ಬೇಕೆಂದೇ ಬಲ ಮಗ್ಗುಲಿಗೆ ಮಲಗಿಕೊಂಡೆ.

ಸ್ವೆಟರ್ ಐದೇ ದಿನದಲ್ಲಿ ಮುಗಿಯಿತು. ಅಕ್ಕ ಮತ್ತೆ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನು ಕಂಡರೆ, ನನ್ನದು ಮುಗಿಯುವವರೆಗೂ ತಮ್ಮ ಬಕೆಟ್ ಇಟ್ಟುಕೊಂಡು ದೂರದಲ್ಲೇ ನಿಲ್ಲುತ್ತಿದ್ದರು. ಹೆರಿಗೆಗೆಂದು ತವರಿಗೆ ಹೋದೆ. ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ಐದು ತಿಂಗಳ ಕೂಸನ್ನು ಎತ್ತಿಕೊಂಡು ವಾಪಸು ಬಂದಾಗ ಹಿಂದಿನ ಮನೆಗೆ ಬೀಗ. ಮೇಸ್ತ್ರಿಯ ಕೆಲಸ ಹಿರಿಯೂರಿನ ಕಡೆಗೆ ಹೋಯಿತಂತೆ. ಒಮ್ಮೆ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಅವರಂತೆಯೇ ಸೆರಗು ಸಿಕ್ಕಿಸಿಕೊಂಡಿದ್ದ ಒಬ್ಬರ ಹಿಂದೆ ನಾಲ್ಕು ಹೆಜ್ಜೆ ಹೋದೆ. ಬೇರೆ ಯಾರೋ... ಈಗ ಅವರು ಇರಲಾರರು. ನನ್ನ ಮಗಳ ತಲೆಯಲ್ಲೇ ಬೆಳ್ಳಿಕೂದಲು ಬಂದಿದೆ.

ಮಗಳಿಗೆ ಇದನ್ನು ಹೇಳುವಾಗೆಲ್ಲ, ಕಾರಣ ನನಗೆ ತಿಳಿದದ್ದು ತವರಿನಿಂದ ಬಂದ ಮೇಲೆ, ಅಷ್ಟರಲ್ಲಿ ಅಕ್ಕ ಊರು ಬಿಟ್ಟಾಗಿತ್ತು ಎನ್ನುತ್ತೇನೆ. ಅದು ನಿಜವಲ್ಲ. ತಿಳಿದದ್ದು ಬರಬೇಡಿ ಎಂದ ಆ ದಿನ ಸಂಜೆಯೇ. ಹಿತ್ತಿಲಿನ ಹತ್ತು ಹೆಜ್ಜೆ ದಾಟಿ, ತಪ್ಪಾಯಿತು ಎನ್ನಲು, ತವರಿಗೆ ಹೊರಡುವ ಮುನ್ನ ಇನ್ನೂ ಒಂದು ತಿಂಗಳಿತ್ತು. ಹೋಗಲಿಲ್ಲ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕಿಂತ, ಅವರು ಕೆಟ್ಟವರೆಂದು ನಂಬಿಕೊಂಡಿರುವುದೇ ಸುಲಭವಾಗಿತ್ತು.

ಆ ಸಂಜೆ ಎದುರುಮನೆಯವರು ರವೆ ಜರಡಿ ಕೇಳಿಕೊಂಡು ಬಂದಿದ್ದರು. ನಾನು ತಿರುಚಿದ ಕುಣಿಕೆಗಳನ್ನು ಸರಿಮಾಡುತ್ತಾ ಕೂತಿದ್ದೆ. ಅವರು ಜರಡಿಯನ್ನು ಅಂಗೈಗೆ ಬಡಿದು ಕೊಡವುತ್ತಾ ಹೇಳಿದರು.

"ಇದೇನ್ರಿ, ಹೆರಿಗೆಗೆ ಮುಂಚೇನೇ ಮುಗಿಸ್ತಾ ಇದೀರಾ? ಹಿಂದಿನ ಮನೆಯಾಕೆ ಕಂಡ್ರೆ ಎದೆ ಒಡ್ಕಂತಾಳೆ. ಎರಡು ಸಲಾನೂ ಕುಲಾವಿ, ಅಂಗಿ ಎಲ್ಲಾ ಮೊದ್ಲೇ ಹೊಲಿದು ಮುಗಿಸಿದ್ಲಂತೆ ಪಾಪ, ಅದ್ಕೇ ಮಕ್ಕಳು ಉಳೀಲಿಲ್ಲ ಅಂತಾಳೆ. ಮಡಚಿದ್ದು ಮಡಚಿದಂಗೇ ಐತೆ, ಟ್ರಂಕಿನಾಗೆ... ಜರಡಿ ನಾಳೆ ಕೊಡ್ತೀನ್ರಿ."